ಒಂದು ಕಡೆ ಕೂಡದ ಮಗು ಮತ್ತು ಬೇವಿನ ಮರದ ನೆರಳು

(ಹಿರೋಳ್ಳಿಯಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತು)



ಉಳಿತಾಯ, ಸಾಲ, ಕಂತು ಪ್ರತಿ ಸಭೆಯಲ್ಲೂ ಇದ್ದದ್ದೇ. ಇವತ್ತು ಲೆಕ್ಕದ ಪುಸ್ತಕ ಸ್ವಲ್ಪ ಬದಿಗಿಟ್ಟು ಮಕ್ಕಳ ಬಗ್ಗೆ ಮಾತಾಡೋಣ. ಸಭೆ ಮುಗಿದ ಮೇಲೆ ಕೆಲವು ತಾಯಂದಿರು ಹಿಂದೆ ಉಳಿದು ಮೆಲ್ಲಗೆ ಕೇಳುತ್ತಾರೆ: "ಅಕ್ಕಾ, ನಮ್ಮ ಹುಡುಗ ಒಂದ್ ಕಡಿ ಕುಂಡ್ರಂಗಿಲ್ರಿ. ಪುಸ್ತಕ ಹಿಡದ್ರ ಐದು ನಿಮಿಷಕ್ಕ ಎದ್ದು ಓಡ್ತಾನ. ದಿನಾ ಒಂದು ಪೆನ್ನು ಕಳಕೊಂಡು ಬರ್ತಾನ. ಬಡದ್ರೂ ಅಷ್ಟೇ, ಬೈದ್ರೂ ಅಷ್ಟೇ. ಏನ್ ಮಾಡ್ಬೇಕ್ರಿ?" ಮನೆಯವರು, ಮಾಸ್ತರು, ಓಣಿಯವರು ಎಲ್ಲರೂ ತಾಯಿಯ ಕಡೆಗೇ ಬೊಟ್ಟು ಮಾಡುತ್ತಾರೆ. ಕೊನೆಗೆ ಆ ಮಗು ಶಾಲೆ ಬಿಟ್ಟು ಕೂಲಿಗೆ ಹೋಗುತ್ತದೆ.

ಚುರುಕಾದ ಮಕ್ಕಳೆಲ್ಲರಿಗೂ ತೊಂದರೆ ಇದೆ ಎಂದಲ್ಲ. ಆದರೆ ಹನ್ನೆರಡು ವರ್ಷದ ಒಳಗೇ ಶುರುವಾಗಿ, ಮನೆಯಲ್ಲೂ ಶಾಲೆಯಲ್ಲೂ ಆರು ತಿಂಗಳಿಗಿಂತ ಹೆಚ್ಚು ಕಾಲ ಹೀಗೇ ನಡೆದು, ಓದು-ಆಟ-ಗೆಳೆತನ ಎಲ್ಲಕ್ಕೂ ಅಡ್ಡಿಯಾದರೆ ಅದು ಎ.ಡಿ.ಎಚ್.ಡಿ. ಇರಬಹುದು. ಅಂದರೆ ಗಮನ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆ. ಜಗತ್ತಿನಲ್ಲಿ 100 ಮಕ್ಕಳಲ್ಲಿ ಸುಮಾರು 5 ಮಕ್ಕಳಿಗೆ ಇದು ಇದೆ ಎಂದು ಅಂದಾಜು. ಇದು ಮಿದುಳು ಬೆಳೆಯುವ ರೀತಿಗೆ ಸಂಬಂಧಪಟ್ಟದ್ದು. ಹಟವಲ್ಲ, ಗಾಳಿ-ದೆವ್ವವಲ್ಲ, ತಾಯಿಯ ತಪ್ಪೂ ಅಲ್ಲ. ಎಷ್ಟೋ ಹೆಣ್ಣುಮಕ್ಕಳು ಓಡಾಡದೆ ಸುಮ್ಮನೆ ಕುಳಿತೇ ಗಮನ ತಪ್ಪುತ್ತಾರೆ. ಅವರನ್ನು ಮಂದಬುದ್ಧಿ ಎಂದು ಬಿಟ್ಟುಬಿಡುತ್ತೇವೆ.

ಇಂಥ ಮಗುವಿಗೆ ನಾವು ಏನು ಮಾಡಬಹುದು? ಒಂದು ದಾರಿ ನಮ್ಮ ಅಂಗಳದಲ್ಲೇ ಇದೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ತೊಂದರೆಯಿರುವ 7ರಿಂದ 12 ವರ್ಷದ 17 ಮಕ್ಕಳನ್ನು 20 ನಿಮಿಷ ನಡೆಸಿದರು. ಒಂದು ಸಲ ಗಿಡಮರಗಳ ಉದ್ಯಾನದಲ್ಲಿ, ಒಂದು ಸಲ ಪೇಟೆಯಲ್ಲಿ, ಒಂದು ಸಲ ಮನೆಗಳ ಓಣಿಯಲ್ಲಿ. ಉದ್ಯಾನದಲ್ಲಿ ನಡೆದ ಮೇಲೆ ಮಕ್ಕಳ ಗಮನ ಹೆಚ್ಚು ನಿಂತಿತು. ಇದು ಸಣ್ಣ ಅಧ್ಯಯನ. ಆದರೂ ಬೇವಿನ ಮರ, ಹೊಲದ ಬದು ಇರುವ ನಮಗೆ ಮಾಡಿ ನೋಡಲು ಕಾಸು ಖರ್ಚಿಲ್ಲ. ಗಮನವನ್ನು ಈ ಕ್ಷಣದ ಮೇಲೆ ಇಡುವ ಅಭ್ಯಾಸಕ್ಕೆ ಪಟ್ಟಣದವರು ಮೈಂಡ್‌ಫುಲ್‌ನೆಸ್ ಎನ್ನುತ್ತಾರೆ. ಯೇಸುಸ್ವಾಮಿಯೂ ಆಕಾಶದ ಹಕ್ಕಿ, ಹೊಲದ ಹೂವುಗಳನ್ನು ಗಮನಿಸಲು ಜನರಿಗೆ ಹೇಳಿದ್ದರು. ಯಾವ ಧರ್ಮದವರೂ ಇದನ್ನು ಮಾಡಬಹುದು.

ಮಾಡುವ ಕ್ರಮ ಹೀಗಿದೆ:

1. ಬೆಳಿಗ್ಗೆ ಅಥವಾ ಬಿಸಿಲು ಇಳಿದ ಮೇಲೆ ಹೊರಡಿ. ಮೊಬೈಲ್ ಮನೆಯಲ್ಲೇ ಇರಲಿ.

2. ಮೊದಲೇ ಕೂಡು ಅನ್ನಬೇಡಿ. ಹತ್ತು ನಿಮಿಷ ನಡೆಯಲಿ, ಓಡಲಿ. ಮೈ ದಣಿದ ಮೇಲೆ ಮನಸ್ಸೂ ಸ್ವಲ್ಪ ತಗ್ಗುತ್ತದೆ.

3. ಮರದ ಕೆಳಗೆ ನಿಂತು, "ಎಷ್ಟು ಸಪ್ಪಳ ಕೇಳ್ತಾವ ಎಣಿಸು" ಅನ್ನಿ. ಗುಬ್ಬಿ, ಗಾಳಿ, ದೂರದ ಟ್ರ್ಯಾಕ್ಟರ್. ಆಮೇಲೆ ಒಂದು ಎಲೆ ಹಿಡಿದು ಅದರ ಗೆರೆ ನೋಡಲಿ, ಮೂಸಲಿ. ಕರಿ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ತಂಪೋ ಬಿಸಿಯೋ ಹೇಳಲಿ.

4. ಕೊನೆಗೆ ಐದು ಸಲ ನಿಧಾನವಾಗಿ ಉಸಿರು ಎಳೆದು ಬಿಡಲಿ. ನೀವೂ ಜೊತೆಗೆ ಮಾಡಿ.

ಮೊದಲ ವಾರ ಎರಡೇ ನಿಮಿಷ ಸಾಕು. ಮಗುವಿನ ಮನಸ್ಸು ಓಡಿಯೇ ಓಡುತ್ತದೆ. ಕರು ಪಕ್ಕದ ಹೊಲಕ್ಕೆ ಹೊಕ್ಕರೆ ನಾವು ಕಾಲು ಮುರಿಯುತ್ತೇವೇನು? ಮೆಲ್ಲಗೆ ತಿರುಗಿಸಿ ತರುತ್ತೇವೆ. ಮನಸ್ಸನ್ನೂ ಹಾಗೇ ತಿರುಗಿಸಿ ತರಬೇಕು. ಹಾಗೆ ತಿರುಗಿಸಿ ತರುವುದೇ ಅಭ್ಯಾಸ. ಒಂದು ಸಪ್ಪಳ ಸರಿಯಾಗಿ ಹೇಳಿದರೂ "ಭೇಷ್" ಅನ್ನಿ. ಬೈಗುಳ ಕೇಳಿ ಕೇಳಿ ಬೇಸತ್ತ ಮಗುವಿಗೆ ಆ ಒಂದು ಮಾತು ದೊಡ್ಡದು.

ಜಾಗ್ರತೆಯೂ ಬೇಕು. ಈ ಮಕ್ಕಳು ಹಿಂದೆ ಮುಂದೆ ನೋಡದೆ ಓಡುತ್ತಾರೆ. ತೆರೆದ ಬಾವಿ, ಕೃಷಿ ಹೊಂಡ, ದೊಡ್ಡ ರಸ್ತೆಯ ಹತ್ತಿರ ಒಬ್ಬರನ್ನೇ ಬಿಡಬೇಡಿ. ತೊಗರಿ ಹೂ ಬಿಟ್ಟಾಗ ಕೀಡೆಗೆ ಎಣ್ಣೆ ಹೊಡೆಯುತ್ತಾರೆ. ಎಣ್ಣೆ ಹೊಡೆದ ಹೊಲಕ್ಕೆ ಮಗುವನ್ನು ಒಯ್ಯಬೇಡಿ. ಹುಲ್ಲು ಬೆಳೆದಲ್ಲಿ ಹಾವಿನ ಭಯ, ಕಾಲಲ್ಲಿ ಚಪ್ಪಲಿ ಇರಲಿ.

ಇನ್ನೊಂದು ಮಾತು ಮರೆಯಬೇಡಿ. ಮರದ ನೆರಳು ಡಾಕ್ಟರರ ಬದಲಿಗೆ ಅಲ್ಲ, ಅವರ ಜೊತೆಗೆ. ಕಿವಿ, ಕಣ್ಣು, ರಕ್ತಹೀನತೆ, ನಿದ್ದೆ ಮೊದಲು ತೋರಿಸಿ. ಇವುಗಳಿಂದಲೂ ಗಮನ ತಪ್ಪುತ್ತದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿ, ಸರಕಾರಿ ಶಾಲೆಗಳಿಗೆ ಬರುತ್ತದೆ. ಅವರು ನೋಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ಇದೂ ಇದೆ. ತಂಡ ಬಂದಾಗ ಬಾಯಿ ಬಿಟ್ಟು ಕೇಳಿ. ಕಲಬುರಗಿಯ ಜಿಮ್ಸ್ ಆಸ್ಪತ್ರೆಯ ಮನೋರೋಗ ವಿಭಾಗದಲ್ಲೂ ತೋರಿಸಬಹುದು. 2022ರಿಂದ ಟೆಲಿ-ಮಾನಸ್ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಡಾಕ್ಟರು ಮಾತ್ರೆ ಕೊಟ್ಟರೆ ಅವರನ್ನು ಕೇಳದೆ ನಿಲ್ಲಿಸಬೇಡಿ. ಮಾಸ್ತರರಿಗೂ ವಿಷಯ ತಿಳಿಸಿ, ಮಗುವನ್ನು ಮುಂದಿನ ಸಾಲಿನಲ್ಲಿ ಕೂಡಿಸಲು, ನಡುನಡುವೆ ಎದ್ದು ಮಾಡುವ ಸಣ್ಣ ಕೆಲಸ ಕೊಡಲು ಕೇಳಿಕೊಳ್ಳಿ.

ಅಕ್ಕಂದಿರೇ, ಒಬ್ಬ ತಾಯಿಗೆ ದಿನವೂ 20 ನಿಮಿಷ ಹೊಂದಿಸುವುದು ಸುಲಭವಲ್ಲ. ನೀರು, ರೊಟ್ಟಿ, ಹೊಲ, ದನ ಎಲ್ಲ ಅವಳ ತಲೆ ಮೇಲೆ. ಸಂಘ ಇರುವುದು ಇದಕ್ಕೇ. ಸರದಿ ಹಾಕಿಕೊಳ್ಳಿ. ಇವತ್ತು ಒಬ್ಬಳು ನಾಲ್ಕು ಮನೆಯ ಮಕ್ಕಳನ್ನು ಕರಕೊಂಡು ಹೋಗಲಿ, ನಾಳೆ ಇನ್ನೊಬ್ಬಳು. ಇವತ್ತಿನ ಠರಾವು ಪುಸ್ತಕದಲ್ಲಿ ಎರಡು ಮಾತು ಬರೆಯೋಣ: ನಮ್ಮ ಓಣಿಯ ಯಾವ ಮಗುವನ್ನೂ "ಹುಚ್ಚ", "ಮಂಗ್ಯಾ" ಅನ್ನುವುದಿಲ್ಲ. ಮಗು ಕೂಡಲಿಲ್ಲ ಎಂದು ಕೈ ಎತ್ತುವುದಿಲ್ಲ. ಸಹಿ ಬರುವವರು ಸಹಿ ಮಾಡಿ, ಬಾರದವರು ಹೆಬ್ಬೆಟ್ಟು ಒತ್ತಿ.

ದೇವರು ನಿಮ್ಮೆಲ್ಲರ ಮಕ್ಕಳನ್ನು ಚೆನ್ನಾಗಿಡಲಿ.