ಎರಡು ಹಾಳೆಗಳ ನಡುವಿನ ಲಿವರ್



ನಾವೆಲ್ಲ ಮೇಷ್ಟ್ರು ಎಂದೇ ಕರೆಯುತ್ತಿದ್ದ ವೈದ್ಯರ ಹೆಸರಿನ ಈ ಉಪನ್ಯಾಸಕ್ಕೆ ಕರೆ ಬಂದದ್ದು ನನ್ನ ಯೋಗ್ಯತೆಗೆ ಮೀರಿದ ಗೌರವ. ವಾರ್ಡಿನಲ್ಲಿ ಅವರ ಬೆನ್ನ ಹಿಂದೆ ನಡೆದವರಿಗೆ ಒಂದು ದೃಶ್ಯ ನೆನಪಿರುತ್ತದೆ. ಲಿವರ್ ರೋಗಿ ಎಂದ ಕೂಡಲೇ ನಾವು ಬಲಪಕ್ಕೆಗೆ ಕೈ ಹಾಕುತ್ತಿದ್ದೆವು. ಅವರು ಮೊದಲು ಎಡಪಕ್ಕೆಗೆ ಹೋಗಿ ಗುಲ್ಮವನ್ನು ತಡಕುತ್ತಿದ್ದರು. ನನ್ನ ಇವತ್ತಿನ ಮಾತು ಆ ಎಡಪಕ್ಕದಿಂದಲೇ ಹೊರಟದ್ದು.

ಕಾಮಾಲೆ, ಹೊಟ್ಟೆಯಲ್ಲಿ ನೀರು, ರಕ್ತವಾಂತಿ, ಮಂಪರು ಇವೆಲ್ಲ ಸಿರೋಸಿಸ್ ಕೈಮೀರಿದಾಗಿನ ಲಕ್ಷಣಗಳು. ಹೆಪಟೈಟಿಸ್ ಬಿ ಮತ್ತು ಸಿ, ಮದ್ಯ, ಸಕ್ಕರೆ ಕಾಯಿಲೆಯ ಜೊತೆಗೂಡಿ ಬರುವ ಕೊಬ್ಬಿನ ಲಿವರ್ ಅದಕ್ಕೆ ಮುಖ್ಯ ಕಾರಣಗಳು. ಇದಿಷ್ಟೂ ಪಠ್ಯಪುಸ್ತಕಗಳಲ್ಲಿ ಚೆನ್ನಾಗಿಯೇ ಇದೆ, ಅಲ್ಲಿ ನೋಡಿಕೊಳ್ಳಬಹುದು. ನನ್ನ ತಕರಾರು ಇರುವುದು ರಕ್ತಪರೀಕ್ಷೆಯ ವರದಿಯನ್ನು ನಾವು ಓದುವ ರೀತಿಯ ಬಗ್ಗೆ.

ಡೆಂಗಿಯ ದಯೆಯಿಂದ ಪ್ಲೇಟ್‌ಲೆಟ್ ಎಂಬ ಮಾತು ಈಗ ನಮ್ಮ ಹಳ್ಳಿಗಳಲ್ಲೂ ಮನೆಮಾತು. ಎಣಿಕೆ ಇಳಿಯಿತೆಂದರೆ ಪರಂಗಿ ಎಲೆಯ ರಸ ಹಿಂಡಲು ಅಕ್ಕಪಕ್ಕದವರೂ ಓಡಿ ಬರುತ್ತಾರೆ. ಜ್ವರ ಬಿಟ್ಟ ಮೇಲೂ ಅದು ಏರದೆ ಉಳಿದರೆ ಮಾತ್ರ ಕೇಳುವವರಿಲ್ಲ.

ಹಾಗೆ ಉಳಿದಿದ್ದ ಒಬ್ಬ ರೈತರು ನನ್ನ ಬಳಿ ಬಂದರು. ವಯಸ್ಸು 54, ಸಕ್ಕರೆ ಕಾಯಿಲೆ ಇತ್ತು, ಕುಡಿತದ ಸೋಂಕೂ ಇಲ್ಲದವರು. ಡೆಂಗಿ ವಾಸಿಯಾಗಿ ಎರಡು ತಿಂಗಳಾದರೂ ಪ್ಲೇಟ್‌ಲೆಟ್ 95 ಸಾವಿರ. ಲಿವರ್ ಹಾಳೆಯಲ್ಲಿ ಕಿಣ್ವಗಳಾದ ಎಸ್‌ಜಿಒಟಿ 38, ಎಸ್‌ಜಿಪಿಟಿ 36. ಎರಡೂ 40ರ ಗೆರೆಯೊಳಗೆ. ರಕ್ತಕಣಗಳ ಹಾಳೆ ಬೇರೆ, ಲಿವರ್ ಹಾಳೆ ಬೇರೆ. ಎರಡನ್ನೂ ಜೋಡಿಸಿ ಓದುವ ಲೆಕ್ಕವೊಂದು 2006ರಿಂದ ಇದೆ, ಹೆಸರು ಫಿಬ್-4. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ. ಸಾವಿರದ ಲೆಕ್ಕದ ಪ್ಲೇಟ್‌ಲೆಟ್ ಸಂಖ್ಯೆಯನ್ನು ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಈ ರೈತರಿಗೆ ಬಂದದ್ದು 3.6. ಕೊಬ್ಬಿನ ಲಿವರ್‌ನವರಲ್ಲಿ 1.3ಕ್ಕಿಂತ ಕಡಿಮೆ ಇದ್ದರೆ ಸಮಾಧಾನ, 2.67 ದಾಟಿದರೆ ಲಿವರ್ ಗಡುಸಾಗಿರುವ ಶಂಕೆ ಬಲ.

ಸ್ಕ್ಯಾನಿನಲ್ಲಿ ಒರಟುಗಟ್ಟಿದ ಲಿವರ್, ಒಳಗೆ ಎರಡು ಸೆಂಟಿಮೀಟರಿನ ಒಂದು ಗಂಟು. ಲಿವರ್‌ಗೆ ಮುಕ್ಕಾಲು ಪಾಲು ರಕ್ತ ಬರುವುದು ಕರುಳಿನ ಕಡೆಯ ದ್ವಾರರಕ್ತನಾಳದಿಂದ. ಅಲ್ಲಿ ಹುಟ್ಟುವ ಕ್ಯಾನ್ಸರ್ ಮಾತ್ರ ಹೆಚ್ಚಾಗಿ ಅಪಧಮನಿಯ ರಕ್ತವನ್ನೇ ಹೀರುತ್ತದೆ. ಆದ್ದರಿಂದ ಸಿಟಿಯಲ್ಲಿ ಬಣ್ಣದ ಔಷಧಿ ಕೊಟ್ಟಾಗ ಅದು ಮೊದಲು ಹೊಳೆದು, ಸುತ್ತಲಿನ ಲಿವರ್‌ಗಿಂತ ಬೇಗ ಕಳೆಗುಂದುತ್ತದೆ. ಸಿರೋಸಿಸ್ ಇರುವವರಲ್ಲಿ ಈ ಗುರುತು ಸ್ಪಷ್ಟವಾಗಿದ್ದರೆ ಸೂಜಿ ಚುಚ್ಚುವ ಅಗತ್ಯವೂ ಇಲ್ಲ. ಆ ಗಂಟನ್ನು ಸುಟ್ಟು ತೆಗೆದೆವು.

ಈ ಲೆಕ್ಕದ ಮೇಲೆ ನನಗಿಷ್ಟು ಹಟವೇಕೆ? ಅವರ ಪ್ಲಾಸ್ಟಿಕ್ ಚೀಲದಲ್ಲಿ ಎರಡು ವರ್ಷ ಹಳೆಯ ಚೀಟಿಯೊಂದಿತ್ತು. ಗ್ಯಾಸ್ ಎಂದು ಬಂದಿದ್ದರಂತೆ. ಪ್ಲೇಟ್‌ಲೆಟ್ ಆಗಲೇ 1 ಲಕ್ಷ 10 ಸಾವಿರ. ಕೆಳಗೆ ‘ಲಿವರ್ ಸರಿಯಿದೆ’ ಎಂದು ಬರೆದಿತ್ತು. ಅಕ್ಷರ ನನ್ನದೇ.

ಈಗ ಎದುರಾಳಿಗಳ ವಾದಕ್ಕೆ ಬರೋಣ. ಬಯಾಪ್ಸಿ ಒಂದೇ ಪ್ರಮಾಣ ಎನ್ನುವವರು ಇನ್ನೂ ಇದ್ದಾರೆ. ಸೂಜಿಗೆ ಸಿಗುವುದು ಲಿವರ್‌ನ ಸುಮಾರು ಐವತ್ತು ಸಾವಿರದಲ್ಲಿ ಒಂದು ಪಾಲು. ಒಂದು ಅಗುಳು ಹಿಸುಕಿ ಅನ್ನ ನೋಡಬಹುದು, ಆದರೆ ಲಿವರ್ ಎಲ್ಲ ಕಡೆ ಒಂದೇ ಸಮ ಬೇಯುವ ಅನ್ನವಲ್ಲ. ಕಾರಣವೇ ತಿಳಿಯದ ಕಾಯಿಲೆಗೆ ಬಯಾಪ್ಸಿ ಬೇಕು, ಒಪ್ಪುತ್ತೇನೆ. ಗಡಸುತನ ಅಳೆಯಲು ಎಲ್ಲರಿಗೂ ಬೇಡ.

ಎರಡನೆಯವರು ಹೆಲ್ತ್ ಚೆಕಪ್ ಪ್ಯಾಕೇಜಿನವರು. ಆಲ್ಫಾ ಫೀಟೋಪ್ರೋಟೀನ್ ನಾರ್ಮಲ್ ಬಂದರೆ ಲಿವರ್ ಕ್ಯಾನ್ಸರ್ ಇಲ್ಲ ಎಂದು ಕೈತೊಳೆದುಕೊಳ್ಳುತ್ತಾರೆ. ಲಿವರ್ ಕ್ಯಾನ್ಸರ್ ರೋಗಿಗಳಲ್ಲಿ ಈ ಪ್ರೋಟೀನನ್ನು ತತಾರಿನೊವ್ ಎಂಬ ವಿಜ್ಞಾನಿ ಗುರುತಿಸಿದ್ದು 1964ರಲ್ಲಿ. ಚಿಕ್ಕ ಗಂಟುಗಳಿದ್ದಾಗ ಅದು ಏರದೆಯೂ ಇರಬಹುದು. ಹೆಪಟೈಟಿಸ್ ಕೆರಳಿದಾಗ, ಬಸಿರಿನಲ್ಲಿ, ಕ್ಯಾನ್ಸರ್ ಇಲ್ಲದೆಯೂ ಏರಬಹುದು. ಸಿರೋಸಿಸ್ ಇದೆಯೆಂದು ಗೊತ್ತಾದವರಿಗೆ ಆರು ತಿಂಗಳಿಗೊಮ್ಮೆ ಮಾಡುವ ಸ್ಕ್ಯಾನಿನ ಪಕ್ಕದಲ್ಲಿ ಅದಕ್ಕೆ ಜಾಗವಿದೆ. ಸ್ಕ್ಯಾನಿನ ಬದಲಿಗೆ ಇಲ್ಲ.

ಮೂರನೆಯವರು ಲಿವರ್ ಬಿಟ್ಟು ಜಠರದ ಕ್ಯಾನ್ಸರಿಗೆ ಹೋಗಿ, ಜಪಾನನ್ನು ತೋರಿಸಿ ಎಲ್ಲರಿಗೂ ಎಂಡೋಸ್ಕೋಪಿ ಮಾಡಿ ಎನ್ನುತ್ತಾರೆ. ಜಠರದ ಒಳಪದರ ಮತ್ತು ಅದರ ಕೆಳಪದರವನ್ನು ದಾಟದ್ದು ‘ಆರಂಭದ ಕ್ಯಾನ್ಸರ್’ ಎಂದು 1962ರಲ್ಲೇ ವ್ಯಾಖ್ಯೆ ಕೊಟ್ಟವರು ಜಪಾನಿನವರು. ಅವರಲ್ಲಿ ಆ ರೋಗದ ಹೊರೆ ದೊಡ್ಡದು. ನಮ್ಮ ದೇಶದಲ್ಲಿ ಮಿಜೋರಾಂನಂಥ ಈಶಾನ್ಯ ರಾಜ್ಯಗಳಿಗೆ ಆ ವಾದ ಒಪ್ಪಬಹುದು. ಇಲ್ಲಿ ಬೇಕಿರುವುದು ತಂಬಾಕು, ಮದ್ಯ ಎರಡೂ ಇರುವವರ ಅನ್ನನಾಳವನ್ನು ಅವಸರವಿಲ್ಲದೆ ನೋಡುವುದು. ಅಯೋಡಿನ್ ದ್ರಾವಣ ಸಿಂಪಡಿಸಿದರೆ ಆರೋಗ್ಯವಂತ ಪದರ ಕಂದಾಗುತ್ತದೆ, ಕೆಟ್ಟ ಜಾಗ ಬಣ್ಣ ಹಿಡಿಯದೆ ಬಿಳಚಿಕೊಂಡು ಉಳಿಯುತ್ತದೆ. ಖರ್ಚು ಅತ್ಯಲ್ಪ, ಬೇಕಾದದ್ದು ತಾಳ್ಮೆ.

ನನ್ನ ಫಿಬ್-4ಕ್ಕೂ ಕುಂದುಗಳಿವೆ, ಎದುರಾಳಿಗಳು ಹೇಳುವ ಮೊದಲು ನಾನೇ ಹೇಳುತ್ತೇನೆ. 35ರ ಕೆಳಗಿನವರಲ್ಲಿ ಅದು ನಂಬುಗೆಗೆ ಸಾಲದು. 65 ದಾಟಿದವರಲ್ಲಿ ಕೆಳಗಿನ ಗೆರೆಯನ್ನು 1.3ರಿಂದ 2ಕ್ಕೆ ಏರಿಸಬೇಕು. ಡೆಂಗಿ ಇರುವಾಗ ಪ್ಲೇಟ್‌ಲೆಟ್ ಇಳಿದು ಎಸ್‌ಜಿಒಟಿ ಏರುವುದರಿಂದ ಲೆಕ್ಕ ಸುಳ್ಳು ಹೇಳುತ್ತದೆ. ಕೆಲವರನ್ನು ಅದು ಸುಮ್ಮನೆ ಹೆದರಿಸುತ್ತದೆ, ಕೆಲವರನ್ನು ಬಿಟ್ಟೇಬಿಡುತ್ತದೆ. ಹಾಗಾಗಿಯೇ ಎರಡನೇ ಮೆಟ್ಟಿಲಿಗೆ ಲಿವರ್‌ನ ಗಡಸುತನ ಅಳೆಯುವ ಫೈಬ್ರೋಸ್ಕ್ಯಾನ್ ಬೇಕು. ಯಂತ್ರದ ಮೇಲೆ ನನಗೆ ಜಗಳವಿಲ್ಲ. ತಾಲ್ಲೂಕಿನಲ್ಲಿ ಆ ಯಂತ್ರ ಇಲ್ಲವೆಂದು ಶಂಕೆಯನ್ನೇ ಪಡದಿರುವುದರ ಮೇಲಿದೆ.

ಮೇಷ್ಟ್ರು ಎಡಪಕ್ಕೆಯಲ್ಲಿ ಹುಡುಕುತ್ತಿದ್ದದ್ದೂ ಈ ಗಡಸುತನದ ಸುಳಿವನ್ನೇ. ಲಿವರ್ ಗಡುಸಾದರೆ ರಕ್ತ ಹಿಂದಕ್ಕೆ ಒತ್ತರಿಸಿ ಗುಲ್ಮ ಊದುತ್ತದೆ, ಊದಿದ ಗುಲ್ಮ ಪ್ಲೇಟ್‌ಲೆಟ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಗುಲ್ಮ ಎರಡು ಮೂರು ಪಟ್ಟು ಬೆಳೆಯದೆ ಬೆರಳಿಗೆ ಸಿಗುವುದಿಲ್ಲ. ಬೆರಳೇ ಸಾಕು ಎನ್ನುತ್ತಿದ್ದ ಗುರುಗಳನ್ನು ಇಷ್ಟು ಮಾತ್ರಕ್ಕೆ ತಿದ್ದುವ ಧೈರ್ಯ ಮಾಡುತ್ತಿದ್ದೇನೆ. ಅವರು ಇದ್ದಿದ್ದರೆ ಲೆಕ್ಕ ಕೇಳಿ, ತಮ್ಮದೇ ವರದಿಯನ್ನು ತರಿಸಿ ನೋಡುತ್ತಿದ್ದರು.

ಸಭೆಯಲ್ಲಿ ಲ್ಯಾಬ್ ನಡೆಸುವವರು ಅನೇಕರಿದ್ದೀರಿ. ವಯಸ್ಸು ನಿಮ್ಮ ಕಂಪ್ಯೂಟರಿನಲ್ಲಿದೆ, ಉಳಿದ ಮೂರು ಅಂಕಿಗಳೂ ಅಲ್ಲೇ ಇವೆ. ವರದಿಯ ಕೊನೆಯಲ್ಲಿ ಇನ್ನೊಂದು ಸಾಲು ಮುದ್ರಿಸಿ. ಅವಸರದ ವೈದ್ಯ ‘ಸರಿಯಿದೆ’ ಎಂದು ಬರೆಯುವ ಮುಂಚೆ ಆ ಸಾಲು ಅವನ ಪೆನ್ನಿಗೆ ಅಡ್ಡ ಬರಲಿ.