ಹುಲಿ ಇದ್ದ ಮಾತ್ರಕ್ಕೆ ಟಿಪ್ಪು ಕಾಲದ್ದಲ್ಲ

ಹಳೇ ಮಿಲಿಟರಿ ಬ್ಯಾಡ್ಜ್‌ಗಳನ್ನ ನೋಡ್ತೀನಿ ಅಂತ ಗೊತ್ತಾದಮೇಲೆ ನಮ್ಮ ಮನೆಗೆ ಡಬ್ಬಿ, ಪೊಟ್ಟಣ ಹಿಡ್ಕೊಂಡು ಬರೋರು ಹೆಚ್ಚಾಗಿದ್ದಾರೆ. ಹಾಗೆ ಬಂದ ಹಿರಿಯರೊಬ್ಬರು ಕರವಸ್ತ್ರ ಬಿಚ್ಚಿ ಒಂದು ಬಿಲ್ಲೆಯನ್ನ ಮೇಜಿನ ಮೇಲಿಟ್ಟರು. ಹಿತ್ತಾಳೆಯ ಹುಲಿ. ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಹಿಂದೂಸ್ತಾನ್ ಅಂತಿದೆ. "ಟಿಪ್ಪು ಸುಲ್ತಾನರ ಸೈನಿಕರದ್ದು ಸಾರ್. ನಮ್ಮ ವಂಶದೋರು ಶ್ರೀರಂಗಪಟ್ಟಣದಲ್ಲಿ ಹೋರಾಡಿದ್ರು. ಮೊಮ್ಮಗನ ಮದುವೆಗೆ ಫ್ರೇಮ್ ಹಾಕಿಸಿ, ಕೆಳಗೆ 1799 ಅಂತ ಬರೆಸ್ಬೇಕು," ಅಂದರು.

ಹುಲಿಯ ಕೆಳಗಿನ ಪಟ್ಟಿಯನ್ನ ಅವರು ಓದಿರಲಿಲ್ಲ. ಅಲ್ಲಿರೋದು ಲೆಸ್ಟರ್‌ಶೈರ್. ಅದು ಇಂಗ್ಲೆಂಡಿನ ಒಂದು ಕೌಂಟಿ.

ಬ್ರಿಟಿಷ್ ಬ್ಯಾಡ್ಜ್ ಕೈಗೆ ಬಂದ್ರೆ ಎಲ್ಲರೂ ಮೊದಲು ಕಿರೀಟ ನೋಡ್ತಾರೆ. ಕಮಾನುಗಳು ಗುಮ್ಮಟದ ಹಾಗೆ ಉಬ್ಬಿದ್ರೆ ಸಾಮಾನ್ಯವಾಗಿ 1901ರಿಂದ 1952ರವರೆಗಿನ ರಾಜರ ಕಾಲ. ನಡುವೆ ತಗ್ಗಿದ್ದರೆ ಎರಡನೇ ಎಲಿಜಬೆತ್ ರಾಣಿಯ ಕಾಲ. ಆದ್ರೆ ಈಗಿನ ಚಾರ್ಲ್ಸ್ ದೊರೆ 2022ರಲ್ಲಿ ಮತ್ತೆ ಉಬ್ಬು ಕಿರೀಟವನ್ನೇ ಆರಿಸ್ಕೊಂಡಿದ್ದಾರೆ, ಹಾಗಾಗಿ ನಿನ್ನೆ ಮೊನ್ನೆ ಮಾಡಿದ್ದೂ ಮೇಲ್ನೋಟಕ್ಕೆ ನೂರು ವರ್ಷದ್ದಾಗಿ ಕಾಣಬಹುದು. ನಮ್ಮ ಹುಲಿಗಂತೂ ಕಿರೀಟವೇ ಇಲ್ಲ!

ಆಗ ಹೆಸರೇ ಗತಿ. 1881ಕ್ಕಿಂತ ಮುಂಚೆ ಬ್ರಿಟಿಷ್ ಕಾಲ್ದಳದ ರೆಜಿಮೆಂಟುಗಳನ್ನ ಮುಖ್ಯವಾಗಿ ನಂಬರಿನಿಂದ ಗುರುತಿಸ್ತಿದ್ರು. ಇದು 17ನೇ ದಳ. ಆ ವರ್ಷದ ಸುಧಾರಣೆಯಲ್ಲಿ ಇದು ಲೆಸ್ಟರ್‌ಶೈರ್ ರೆಜಿಮೆಂಟ್ ಆಯ್ತು. 1946ರಲ್ಲಿ ರಾಯಲ್ ಅನ್ನೋ ಗೌರವ ಸಿಕ್ಕಿ, ಆಮೇಲಿನ ಬ್ಯಾಡ್ಜಿನಲ್ಲಿ ಆ ಪದವೂ ಸೇರ್ತು. ನಮ್ಮ ಬಿಲ್ಲೆಯಲ್ಲಿ ರಾಯಲ್ ಇಲ್ಲ. ಸಾಮಾನ್ಯ ಸಿಪಾಯಿಗಳ ಟೋಪಿಗೆ ಈ ಬಗೆಯ ಬ್ಯಾಡ್ಜ್ ಬಂದದ್ದೇ 1890ರ ದಶಕದ ಕೊನೆಗೆ. ಅಲ್ಲಿಂದ 1946ರ ಒಳಗೆ, ಅಷ್ಟೇ.

ಹಾಗಾದ್ರೆ ಹುಲಿ? 17ನೇ ದಳ 1804ರಿಂದ 1823ರವರೆಗೆ ಭಾರತದಲ್ಲಿತ್ತು. ಆ ಸೇವೆಗೆ 1825ರಲ್ಲಿ ಹುಲಿ ಮತ್ತು ಹಿಂದೂಸ್ತಾನ್ ಅನ್ನೋ ಪದವನ್ನ ಕೊಟ್ಟರು. ಟಿಪ್ಪು ತೀರಿಕೊಂಡದ್ದು 1799ರಲ್ಲಿ. ದಳ ಇಲ್ಲಿಗೆ ಬರೋ ಹೊತ್ತಿಗೆ ಶ್ರೀರಂಗಪಟ್ಟಣದ ಕಥೆ ಮುಗಿದು ಐದು ವರ್ಷ ಆಗಿತ್ತು.

ಅಸಲಿಯೋ ನಕಲಿಯೋ ಅನ್ನೋದಕ್ಕೆ ನಾನು ಹಿಂಭಾಗ ನೋಡ್ತೀನಿ. ಅಚ್ಚು ಒತ್ತಿದ ಬ್ಯಾಡ್ಜಿನ ಮುಂಭಾಗದ ಉಬ್ಬು ಸಾಮಾನ್ಯವಾಗಿ ಹಿಂದೆ ತಗ್ಗಾಗಿ ಕಾಣುತ್ತೆ. ಅಸಲಿಯಿಂದಲೇ ಎರಕದಚ್ಚು ತೆಗೆದು ಹೊಯ್ದ ನಕಲಿಯ ಹಿಂಭಾಗ ಹೆಚ್ಚಾಗಿ ಒರಟು, ಅಳತೆಯೂ ಕೂದಲೆಳೆಯಷ್ಟು ಚಿಕ್ಕದು, ಲೋಹ ಆರುವಾಗ ಕುಗ್ಗುತ್ತಲ್ಲ. ಹಳೇ ಅಚ್ಚಿನಲ್ಲೇ ಮತ್ತೆ ಒತ್ತಿದ್ದಾದ್ರೆ ಕಷ್ಟ. ಅಂಥದ್ದೊಂದಕ್ಕೆ ನಾನೇ ದುಡ್ಡು ಕಳ್ಕೊಂಡಿದ್ದೀನಿ.

ಇವರ ಹುಲಿ ಅಸಲಿ ಅಂತಲೇ ನನ್ನ ಲೆಕ್ಕ. ಹುಲಿ ಹಿತ್ತಾಳೆ, ಅಕ್ಷರದ ಪಟ್ಟಿಗಳು ಬಿಳಿ ಲೋಹ. ಲೋಹ ಉಳಿಸೋಕೆ 1916ರಲ್ಲಿ ಬರೀ ಹಿತ್ತಾಳೆಯ ಬ್ಯಾಡ್ಜ್ ಮಾಡಿದ್ರು, ಇದು ಆ ಸಾಲಿನದ್ದಲ್ಲ. ಹಿಂದೆ ಟೋಪಿಗೆ ಸಿಕ್ಕಿಸೋ ಉದ್ದನೆಯ ಚಪ್ಪಟೆ ಪಟ್ಟಿ ಇದೆ; ಅದು 20ನೇ ಶತಮಾನದ ಶುರುವಿಂದ ಬಂದ ಪದ್ಧತಿ. ಹಾಗಾಗಿ ಸುಮಾರು ನಲವತ್ತು ವರ್ಷದ ಅವಧಿಗೆ ಬಂದು ನಿಂತೆ. ಅದಕ್ಕಿಂತ ನಿಖರವಾಗಿ ಹೇಳಿದ್ರೆ ಸುಳ್ಳು ಹೇಳಿದ ಹಾಗೆ.

ಇಷ್ಟೆಲ್ಲ ಹೇಳಿದಾಗ ಹಿರಿಯರು ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. "ಅಂದ್ರೆ ಇದು ಬ್ರಿಟಿಷರ ಟೋಪೀದು," ಅಂದರು. ಹೌದು ಅಂದೆ. ನಿಮ್ಮ ಹಿರಿಯರು ಹೋರಾಡ್ಲಿಲ್ಲ ಅಂತ ಈ ಬಿಲ್ಲೆ ಹೇಳಲ್ಲ, ಹೋರಾಡಿದ್ರು ಅಂತಲೂ ಹೇಳಲ್ಲ ಅಂತ ಸೇರಿಸಿದೆ.

"ಫ್ರೇಮಿನ ಕೆಳಗೆ ಏನು ಬರೆಸ್ಲಿ ಮತ್ತೆ?"

ಲೆಸ್ಟರ್‌ಶೈರ್ ರೆಜಿಮೆಂಟ್, 1946ಕ್ಕಿಂತ ಹಿಂದಿನದು ಅಂತ ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಎರಡು ಸಲ ಓದಿದರು, ನಕ್ಕರು, ಚೀಟಿಯನ್ನೂ ಹುಲಿಯನ್ನೂ ಅದೇ ಕರವಸ್ತ್ರದಲ್ಲಿ ಗಂಟು ಕಟ್ಕೊಂಡು ಎದ್ದರು.