ಬಳೆ ತೊಡುವ ಕೈಗೆ ಬೇಡಿ ಬೇಡ

(ಬಾದಾಮಿ, ಹುನಗುಂದ ಮತ್ತು ಇಳಕಲ್ ಭಾಗದ ಮಹಿಳಾ ಸ್ವ-ಸಹಾಯ ಸಂಘಗಳ ಪ್ರತಿನಿಧಿಗಳಿಗಾಗಿ ಬಾಗಲಕೋಟೆಯಲ್ಲಿ ನಡೆದ ತರಬೇತಿಯಲ್ಲಿ ಸಿಸ್ಟರ್ ಅವರು ಮಾಡಿದ ಭಾಷಣ)



ನಮ್ಮ ಕಡೆ ಮನೆಮಗಳು ಬಸುರಿಯಾದರೆ ಏನು ಮಾಡ್ತೀವಿ? ಕುಬಸ ಮಾಡ್ತೀವಿ. ಹಸಿರು ಇಳಕಲ್ ಸೀರೆ ಉಡಿಸಿ, ಕೈತುಂಬ ಬಳೆ ಇಡಿಸಿ, ಉಡಿ ತುಂಬಿ ಆರತಿ ಬೆಳಗ್ತೀವಿ. ಅದೇ ಹೆಣ್ಣುಮಗಳು ಜೈಲಿನಲ್ಲಿದ್ದರೆ? ಬಳೆ ತೊಡುವ ಕೈಗೆ ಬೇಡಿ ಬೀಳಬಹುದು.

ಹಲವು ವರ್ಷಗಳ ಹಿಂದೆ ಒಂದು ಆಸ್ಪತ್ರೆಯಲ್ಲಿ ನಾನೇ ಕಂಡದ್ದು. ವಿಚಾರಣಾಧೀನ ಕೈದಿ, ಚಿಕ್ಕ ವಯಸ್ಸಿನ ಹುಡುಗಿ, ಹೆರಿಗೆ ನೋವು ತಿನ್ನುತ್ತಿದ್ದಳು. ಒಂದು ಕಾಲನ್ನು ಮಂಚಕ್ಕೆ ಸರಪಳಿಯಿಂದ ಕಟ್ಟಿದ್ದರು. "ಎಲ್ಲಿಗೆ ಓಡ್ಲಿ ಸಿಸ್ಟರ್, ನಿಲ್ಲಾಕೂ ಆಗವಲ್ದು" ಅಂದಳು. ಕಾವಲಿಗಿದ್ದ ಮಹಿಳಾ ಪೇದೆಯೂ ಕೆಟ್ಟವಳಲ್ಲ. "ಈಕಿ ಓಡಿಹೋದ್ರ ನನ್ನ ನೌಕರಿ ಹೋಗ್ತದ" ಎಂಬ ಹೆದರಿಕೆ ಅವಳದು. ಡಾಕ್ಟರು ಬಂದು ಗಟ್ಟಿಯಾಗಿ ಹೇಳಿದ ಮೇಲೆ ಬಿಚ್ಚಿದರು. ಅಲ್ಲಿಯವರೆಗೆ ನಾನು ಸುಮ್ಮನೆ ನಿಂತಿದ್ದೆ. ಸಮಾಜಕಾರ್ಯದಲ್ಲಿ ಎಂ.ಎ. ಮಾಡಿದವಳಿಗೂ ಕಾನೂನು ಏನು ಹೇಳುತ್ತದೆಂದು ತಿಳಿದಿರಲಿಲ್ಲ. ಅದು ಇಂದಿಗೂ ನನ್ನನ್ನು ಚುಚ್ಚುತ್ತದೆ. ನೀವು ಹಾಗೆ ನಿಲ್ಲಬಾರದೆಂದು ಹೇಳುತ್ತಿದ್ದೇನೆ.

ಸರಪಳಿ ಬರೀ ಅವಮಾನವಲ್ಲ, ಅಪಾಯವೂ ಹೌದು. ನೋವು ಬಂದಾಗ ಮಗ್ಗುಲು ಹೊರಳಬೇಕು, ನಾಲ್ಕು ಹೆಜ್ಜೆ ಓಡಾಡಬೇಕು. ರಕ್ತಸ್ರಾವವಾದರೆ, ಫಿಟ್ಸ್ ಬಂದರೆ ಒಂದೊಂದು ನಿಮಿಷವೂ ಮುಖ್ಯ. ಆಗ ಬೀಗದ ಕೈ ಹುಡುಕುತ್ತ ಕೂರುವುದೇ?

ಈಗ ಕಾನೂನಿಗೆ ಬರೋಣ. ಗುವಾಹಟಿಯ ಆಸ್ಪತ್ರೆಯಲ್ಲಿ ಕೈದಿಗಳನ್ನು ಬೇಡಿ ಹಾಕಿ ಮಂಚಕ್ಕೆ ಕಟ್ಟಿದ್ದನ್ನು ಕಂಡ ಪತ್ರಕರ್ತ ಕುಲದೀಪ್ ನಯ್ಯರ್ ಸುಪ್ರೀಂ ಕೋರ್ಟಿಗೆ ಒಂದು ಕಾಗದ ಬರೆದರು. ಅದರಿಂದಲೇ 1995ರಲ್ಲಿ ತೀರ್ಪು ಬಂತು: ನ್ಯಾಯಾಧೀಶರ ಅಪ್ಪಣೆಯಿಲ್ಲದೆ ಕೈದಿಗೆ ಬೇಡಿ ಹಾಕಬಾರದು. 2024ರ ಜುಲೈ 1ರಿಂದ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆ ಕೆಲವು ಗಂಭೀರ ಅಪರಾಧಗಳಲ್ಲಿ ಪೊಲೀಸರಿಗೆ ಬೇಡಿ ಹಾಕುವ ಅವಕಾಶ ಕೊಟ್ಟಿದೆ ನಿಜ. ಆದರೆ ಹಾಕಲೇಬೇಕೆಂದು ಹೇಳಿಲ್ಲ. ವಿಶ್ವಸಂಸ್ಥೆ 2010ರಲ್ಲಿ ಒಪ್ಪಿದ ಬ್ಯಾಂಕಾಕ್ ನಿಯಮಗಳಂತೂ ಹೆರಿಗೆ ನೋವಿನಲ್ಲಿ, ಹೆರಿಗೆಯಲ್ಲಿ, ಹೆರಿಗೆಯಾದ ಕೂಡಲೇ ಹೆಣ್ಣನ್ನು ಕಟ್ಟಲೇಬಾರದು ಎನ್ನುತ್ತವೆ.

2006ರ ಏಪ್ರಿಲ್ 13ರಂದು ಆರ್.ಡಿ. ಉಪಾಧ್ಯಾಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇನ್ನೂ ದೊಡ್ಡದು. ಬಸುರಿಯನ್ನು ಜೈಲಿಗೆ ಕಳಿಸುವ ಮುಂಚೆ ಅಲ್ಲಿ ಹೆರಿಗೆ, ಬಾಣಂತನದ ಕನಿಷ್ಠ ಸೌಲಭ್ಯ ಇದೆಯೇ ಎಂದು ನೋಡಬೇಕು. ಜಿಲ್ಲಾ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಆಗಬೇಕು. ಸಾಧ್ಯವಾದಷ್ಟೂ ತಾತ್ಕಾಲಿಕ ಬಿಡುಗಡೆ ಕೊಟ್ಟು ಹೆರಿಗೆ ಹೊರಗಿನ ಆಸ್ಪತ್ರೆಯಲ್ಲಾಗಬೇಕು. ಕೂಸು ಜೈಲಿನಲ್ಲೇ ಹುಟ್ಟಿದರೂ ಜನನ ಪತ್ರದಲ್ಲಿ ಜೈಲಿನ ಹೆಸರು ಬರಕೂಡದು. ಆರು ವರ್ಷದವರೆಗೆ ಮಗು ತಾಯಿಯ ಹತ್ತಿರ ಇರಬಹುದು.

ಹಾಗಾದರೆ ನಾವೇನು ಮಾಡಬೇಕು? ನಿಮ್ಮ ಓಣಿಯ ಬಸುರಿಯನ್ನು ಪೊಲೀಸರು ಹಿಡಿದರೆ "ಅವಳ ಕರ್ಮ" ಎಂದು ಬಾಗಿಲು ಹಾಕಿಕೊಳ್ಳಬೇಡಿ. ತಾಯಿ ಕಾರ್ಡ್, ಸ್ಕ್ಯಾನಿಂಗ್ ವರದಿ ತೆಗೆದುಕೊಂಡು ವಕೀಲರ ಕೈಗೆ ಕೊಡಿ. ನ್ಯಾಯಾಧೀಶರಿಗೆ ತಿಂಗಳು ಎಷ್ಟೆಂದು ಮೊದಲ ದಿನವೇ ಗೊತ್ತಾಗಲಿ. ಹೆಣ್ಣೆಂಬ ಕಾರಣಕ್ಕೆ ಜಾಮೀನು ಪರಿಗಣಿಸಲು ಕಾನೂನಿನಲ್ಲಿ ಅವಕಾಶವಿದೆ. ವಕೀಲರಿಗೆ ಕೊಡಲು ದುಡ್ಡಿಲ್ಲವೇ? ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ನೆರವು ಉಚಿತ. ಬಾಗಲಕೋಟೆಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೆ 15100ಕ್ಕೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ ಸರಪಳಿ ಕಂಡರೆ ಜಗಳ ಬೇಡ, "ನ್ಯಾಯಾಧೀಶರ ಅಪ್ಪಣೆ ಇದೆಯೇನ್ರಿ?" ಎಂದು ಕೇಳಿ, ಡಾಕ್ಟರಿಗೆ ತಿಳಿಸಿ.

ಅವಳು ತಪ್ಪು ಮಾಡಿರಬಹುದು, ಮಾಡದೆಯೂ ಇರಬಹುದು. ಅದನ್ನು ಕೋರ್ಟು ನೋಡಿಕೊಳ್ಳುತ್ತದೆ. ಹೊಟ್ಟೆಯಲ್ಲಿರುವ ಕೂಸು ಏನು ತಪ್ಪು ಮಾಡಿದೆ? ಪ್ರತಿವರ್ಷ ಕ್ರಿಸ್ಮಸ್ಸಿಗೆ ಗೋದಲಿ ಕಟ್ಟುತ್ತೇವೆ. ಹೆರಿಗೆಗೆ ಜಾಗ ಸಿಗದ ಒಬ್ಬ ತಾಯಿಯ ಕಥೆಯೇ ಅದು. ಅವತ್ತು ಬಾಗಿಲು ಮುಚ್ಚಿದವರ ಸಾಲಿನಲ್ಲಿ ನಾವು ನಿಲ್ಲದಿರೋಣ.

ದೇವರು ನಿಮ್ಮೆಲ್ಲರನ್ನು ಆಶೀರ್ವದಿಸಲಿ.